ಟೆಂಟಿನಿಂದ ಮನೆಯವರೆಗಿನ ದಾರಿ

ಪ್ರಿಯ ಓದುಗರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕುತ್ತಿಲ್ಲ. ಮದ್ದೂರಿನ ಕಡೆಯವರು ಎಂದಷ್ಟೇ ಹೇಳುತ್ತೇನೆ. ಬೇರೆ ಓದುಗರಿಗೂ ತಿಳಿಯಲಿ ಎಂದು ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಇಲ್ಲಿ ಹೇಳಿಬಿಡುತ್ತೇನೆ.

ಹಳೆಯ ದೆವ್ವದ ಸಿನಿಮಾಗಳ ಬಗ್ಗೆ ನಾವು ಬರೆದದ್ದನ್ನು ಓದಿ, ನೀವು ‘ನಾ ನಿನ್ನ ಬಿಡಲಾರೆ’ಯನ್ನು ಮಗಳ ಜೊತೆ ಕೂತು ಮೊಬೈಲಿನಲ್ಲಿ ನೋಡಿದಿರಿ. ಚಿಕ್ಕವರಿದ್ದಾಗ ಅದೇ ಸಿನಿಮಾವನ್ನು ಊರಿನ ಟೆಂಟಿನಲ್ಲಿ ನೋಡಿ ಮೂರು ದಿನ ಜ್ವರ ಹಿಡಿದು ಮಲಗಿದ್ದಿರಿ. ಈಗ ಮಗಳು ನಕ್ಕುಬಿಟ್ಟಳು. ನಿಮಗೆ ಬೇಜಾರಾಯಿತು. ‘ಸಿನಿಮಾ ಚೆನ್ನಾಗಿತ್ತೋ, ನಮ್ಮ ವಯಸ್ಸು ಚೆನ್ನಾಗಿತ್ತೋ?’ ಎಂದು ಕೇಳಿದ್ದೀರಿ. ಇಂಥ ಸಿನಿಮಾಗಳನ್ನು ಹೊಗಳಿದರೆ ಮೂಢನಂಬಿಕೆ ಬೆಳೆಸಿದಂತೆ ಆಗುವುದಿಲ್ಲವೇ ಎಂಬ ತಕರಾರೂ ಇದೆ. ಕೊನೆಗೆ ನಿಮ್ಮ ತಂದೆಯವರ ಟ್ರಂಕಿನ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ತಪ್ಪನ್ನು ಮೊದಲು ತಿದ್ದುತ್ತೇನೆ. ಆ ಚಿತ್ರ ಬಂದದ್ದು 1979ರಲ್ಲಿ. ನಾವು 1978 ಎಂದು ಅಚ್ಚು ಹಾಕಿದ್ದೆವು. ನೀವು ಹೇಳಿದ್ದೇ ಸರಿ.

ಈಗ ಮಗಳ ನಗು. ನೀವು ನೋಡಿದ ಸಿನಿಮಾವನ್ನು ಅವಳು ನೋಡಲೇ ಇಲ್ಲ ಎಂದು ನನಗನ್ನಿಸುತ್ತದೆ. ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ. ಟೆಂಟಿನಲ್ಲಿ ಆಟ ಶುರುವಾಗುವ ಮುನ್ನ ‘ನಮೋ ವೆಂಕಟೇಶ’ ಹಾಡು ಹಾಕಿದ ತಕ್ಷಣ ಊರಿನವರೆಲ್ಲ ಊಟದ ತಟ್ಟೆ ಬಿಟ್ಟು ಓಡುತ್ತಿದ್ದದ್ದನ್ನು ಬರೆದಿದ್ದೀರಿ. ನೆಲದ ಟಿಕೆಟ್ಟು, ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು, ಮುಂದಿನವರ ತಲೆ ಅಡ್ಡ ಬಂದರೆ ಜಗಳ. ಒಂದೇ ಪ್ರೊಜೆಕ್ಟರ್ ಇದ್ದುದರಿಂದ ರೀಲು ಬದಲಿಸುವಾಗಲೆಲ್ಲ ಕತ್ತಲು. ಆ ಕತ್ತಲಲ್ಲಿ ಯಾರೋ ಒಬ್ಬರು ಬೇಕಂತಲೇ ಕಿರುಚುತ್ತಿದ್ದರು, ಅಲ್ವಾ? ಆಮೇಲೆ ಸೆಕೆಂಡ್ ಶೋ ಬಿಟ್ಟ ಮೇಲೆ ಮನೆಗೆ ನಡೆಯುವುದು. ನಾಲೆ ಏರಿಯ ಮೇಲೆ ಒಂದೂವರೆ ಮೈಲಿ. ಎರಡೂ ಕಡೆ ಆಳೆತ್ತರದ ಕಬ್ಬು. ಗಾಳಿಗೆ ಒಣಗಿದ ಗರಿಗಳು ಸರಸರ ಅನ್ನುವುದು. ಮುಂದೆ ಆ ಹುಣಸೆಮರ. ನಿಮಗೆ ಜ್ವರ ಬಂದದ್ದು ಆ ದಾರಿಯಲ್ಲಿ. ಸಿನಿಮಾ ಟೆಂಟಿನಲ್ಲಿ ಶುರುವಾಗಿ ನಿಮ್ಮ ಮನೆಯ ಹೊಸ್ತಿಲಲ್ಲಿ ಮುಗಿಯುತ್ತಿತ್ತು. ನಿಮ್ಮ ಮಗಳಿಗೆ ಸಿಕ್ಕಿದ್ದು ಮಧ್ಯಾಹ್ನದ ಹೊತ್ತು, ಅಂಗೈ ಅಗಲದ ಪರದೆ, ನಡುವೆ ಮೂರು ಜಾಹೀರಾತು.

ಇನ್ನೂ ಒಂದು ಕಾರಣವಿದೆ. ಆ ಕಾಲದಲ್ಲಿ ರಾತ್ರಿಯ ಎಷ್ಟೋ ದೃಶ್ಯಗಳನ್ನು ಹಗಲಲ್ಲೇ ತೆಗೆಯುತ್ತಿದ್ದರು. ಕ್ಯಾಮೆರಾಗೆ ಫಿಲ್ಟರ್ ಹಾಕಿ, ಬೆಳಕು ಕಡಿಮೆ ಬೀಳುವಂತೆ ಮಾಡಿ, ಬಿಸಿಲನ್ನೇ ಬೆಳದಿಂಗಳಾಗಿ ತೋರಿಸುತ್ತಿದ್ದರು. ಒಳ್ಳೆಯ ಪ್ರಿಂಟಿನಲ್ಲಿ ಅದು ನೀಲಿ ಕತ್ತಲಾಗಿ ಕಾಣುತ್ತಿತ್ತು. ಆಮೇಲೆ ಯಾರೋ ಸವೆದ ಪ್ರಿಂಟಿನಿಂದ ವಿಡಿಯೋಗೆ ಇಳಿಸುವಾಗ ಏನೂ ಕಾಣುತ್ತಿಲ್ಲ ಎಂದು ಬೆಳಕು ಏರಿಸಿದರೆ ಮುಗಿಯಿತು. ದೆವ್ವ ನಡುಹಗಲಲ್ಲಿ ಓಡಾಡುತ್ತದೆ. ಬಣ್ಣದ ಕಥೆಯೂ ಹಾಗೇ. 1980ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ಬಣ್ಣದ ಫಿಲ್ಮಿನಲ್ಲಿ ನೀಲಿ–ಹಸಿರಿನ ಅಂಶ ಬೇಗ ಮಾಸುತ್ತದೆ. ಉಳಿಯುವುದು ಗುಲಾಬಿ ಮಾತ್ರ. ಹಳೆಯ ಕನ್ನಡ ಸಿನಿಮಾ ಅಂದರೆ ಗುಲಾಬಿ ಬಣ್ಣದ್ದು ಎಂದು ಇವತ್ತಿನ ಮಕ್ಕಳು ತಿಳಿದಿದ್ದರೆ ಅದು ಅವರ ತಪ್ಪಲ್ಲ.

ಹಾಗಾದರೆ ವಯಸ್ಸು, ಟೆಂಟು, ಕಬ್ಬಿನ ಗದ್ದೆ ಎಲ್ಲವನ್ನೂ ತೆಗೆದರೆ ಸಿನಿಮಾದಲ್ಲಿ ಏನು ಉಳಿಯುತ್ತದೆ? ನಿಮ್ಮ ಪತ್ರ ಬಂದ ಮೇಲೆ ನಾನು ಇದನ್ನೇ ಯೋಚಿಸುತ್ತಿದ್ದೇನೆ. ಕಳೆದ ವಾರ ‘ನಾ ನಿನ್ನ ಬಿಡಲಾರೆ’ಯನ್ನು ಮತ್ತೆ ನೋಡಿದೆ. ಅನಂತನಾಗ್ ಮತ್ತು ಲಕ್ಷ್ಮಿ ಗಂಡ ಹೆಂಡತಿ. ಅವನನ್ನು ಬಯಸಿ, ಸಿಗದೆ ಸತ್ತ ಕಾಮಿನಿ ಅವನ ಮೈಮೇಲೆ ಬರುತ್ತಾಳೆ. ಹೆಂಡತಿ ರಾಘವೇಂದ್ರ ಸ್ವಾಮಿಗಳ ಮೊರೆ ಹೋಗಿ ಅವನನ್ನು ಉಳಿಸಿಕೊಳ್ಳುತ್ತಾಳೆ. ನಮ್ಮ ಮೈಸೂರಿನ ಶಿವರಾಂಪೇಟೆಯ ರಾಜನ್–ನಾಗೇಂದ್ರ ಅವರ ಸಂಗೀತ. ಹಿಂದಿಗೆ ‘ಮಂಗಲ್‌ಸೂತ್ರ’ ಎಂಬ ಹೆಸರಲ್ಲಿ 1981ರಲ್ಲಿ ಹೋದಾಗಲೂ ಗಂಡನ ಪಾತ್ರಕ್ಕೆ ಅನಂತನಾಗ್ ಅವರೇ.

ನೋಡುತ್ತಾ ನನಗೆ ಹೊಳೆದದ್ದು ಇದು. ನಮ್ಮ ಕಥೆಗಳಲ್ಲಿ ದೆವ್ವ ಮೆಟ್ಟಿಕೊಳ್ಳುವುದು ಜಾಸ್ತಿ ಹೆಂಗಸರಿಗೆ. ಇಲ್ಲಿ ಗಂಡಸಿಗೆ. ಕಾಯುವ ಕೆಲಸ ಹೆಂಡತಿಯದು. ಈ ಸಿನಿಮಾದ ಭಯ ಕಾಮಿನಿಯ ಕಣ್ಣಲ್ಲೋ ಕೂದಲಲ್ಲೋ ಇಲ್ಲ. ಗಂಡ ಇನ್ನೊಬ್ಬಳ ಪಾಲಾಗುತ್ತಾನೆ ಎಂಬ ಭಯ ಅದು. ಟೆಂಟಿನಲ್ಲಿ ನಿಮ್ಮ ಪಕ್ಕ ಕೂತಿದ್ದ ಹೆಂಗಸರಿಗೆ ಆ ಭಯ ಚೆನ್ನಾಗಿ ಗೊತ್ತಿತ್ತು. ಅವರು ಹೆದರಿದ್ದು ಸುಮ್ನೆ ಅಲ್ಲ.

ಇದರ ಪಕ್ಕದಲ್ಲಿ ‘ಶರಪಂಜರ’ವನ್ನು ಇಟ್ಟು ನೋಡಿ. 1971ರದ್ದು. ಪಿರಿಯಾಪಟ್ಟಣದ ಕಣಗಾಲಿನ ಪುಟ್ಟಣ್ಣನವರ ನಿರ್ದೇಶನ, ತ್ರಿವೇಣಿಯವರ ಕಾದಂಬರಿ. ಇದರಲ್ಲಿ ದೆವ್ವವಿಲ್ಲ. ಕಾವೇರಿಗೆ ಎರಡನೇ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆ ಅವಳನ್ನು ನಂಬುವುದಿಲ್ಲ. ಗಂಡ ಆಗಲೇ ಇನ್ನೊಬ್ಬಳ ಪಾಲಾಗಿದ್ದಾನೆ. ಅದೇ ಭಯ, ಅದೇ ಮನೆ. ಒಂದು ಸಿನಿಮಾದಲ್ಲಿ ತಪ್ಪೆಲ್ಲ ದೆವ್ವದ್ದು, ಗಂಡ ಏನೂ ಅರಿಯದವನು. ಇನ್ನೊಂದರಲ್ಲಿ ತಪ್ಪು ಗಂಡನದೇ, ಆದರೆ ಹುಚ್ಚಿ ಅನ್ನಿಸಿಕೊಳ್ಳುವವಳು ಹೆಂಡತಿ. ಈ ಎರಡನ್ನೂ ಒಂದೇ ವಾರದಲ್ಲಿ ನೋಡಿದ ಮೇಲೆ ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಹೆಚ್ಚು ಹೆದರಿಸಿದ್ದು ‘ಶರಪಂಜರ’. ಕಾವೇರಿಯಾಗಿದ್ದ ಕಲ್ಪನಾ ತೀರಿಕೊಂಡದ್ದು 1979ರಲ್ಲಿ, ಆ ಇನ್ನೊಂದು ಸಿನಿಮಾ ಬಂದ ವರ್ಷವೇ. ತ್ರಿವೇಣಿ 1963ರಲ್ಲೇ ಹೋದರು. ಮನಃಶಾಸ್ತ್ರ ಓದಿದ್ದವರು, ಮೈಸೂರಿನಲ್ಲಿ ಕೂತು ಇದನ್ನೆಲ್ಲ ಬರೆದವರು. ತಮ್ಮ ಕಥೆಗಳಿಂದ ಪುಟ್ಟಣ್ಣ ಮಾಡಿದ ಒಂದು ಸಿನಿಮಾವನ್ನೂ ಅವರು ನೋಡಲಿಲ್ಲ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ನಿಮ್ಮ ತಕರಾರಿಗೂ ಇಲ್ಲೇ ಉತ್ತರ ಹೇಳುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದರು. ಹೆರಿಗೆಯಾದ ಮೇಲೆ ಅವರು ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ, ರಾತ್ರಿಯೆಲ್ಲ ಒಬ್ಬರೇ ಮಾತಾಡುತ್ತಿದ್ದರು. ಬೀದಿಯ ಅರ್ಧ ಜನ ಗಾಳಿ ಸೋಕಿದೆ ಅಂದರು. ಇನ್ನರ್ಧ ಜನ ಬಾಣಂತಿ ಸನ್ನಿ ಅಂದರು. ಮೊದಲು ದೆವ್ವ ಬಿಡಿಸುವವರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿಂದ ಬಂದಾಗ ಕೈಮೇಲೆ ಬರೆಯಿತ್ತು. ಆಮೇಲೆ ಡಾಕ್ಟರ ಹತ್ತಿರ ಹೋದರು. ಕೆಲವು ತಿಂಗಳಲ್ಲಿ ಗುಣವಾಯಿತು. ಆದರೂ ಅವರು ನೀರಿಗೆ ಬಂದರೆ ನಾವು ಹುಡುಗರು ಓಡುತ್ತಿದ್ದೆವು. ನಾನೂ ಓಡಿದ್ದೇನೆ. ಎಷ್ಟೋ ವರ್ಷದ ಮೇಲೆ ಮಾರ್ನಿಂಗ್ ಶೋನಲ್ಲಿ ‘ಶರಪಂಜರ’ ನೋಡುವಾಗ, ಗುಣವಾಗಿ ಬಂದ ಕಾವೇರಿಯನ್ನು ಜನ ನೋಡುವ ರೀತಿ ಕಂಡು ನನಗೆ ಆ ಅಕ್ಕನ ಮುಖ ನೆನಪಾಯಿತು. ಅವತ್ತು ಥಿಯೇಟರಿನಲ್ಲೇ ಅತ್ತೆ.

ಹಾಗಾಗಿ ಮೂಢನಂಬಿಕೆಯ ಬಗ್ಗೆ ನಿಮ್ಮ ಸಿಟ್ಟು ನನ್ನದೂ ಹೌದು. ಆದರೆ ದೆವ್ವದ ಸಿನಿಮಾವನ್ನು ಮುಚ್ಚಿಟ್ಟರೆ ಆ ಬರೆ ಮಾಯುವುದಿಲ್ಲ. ಒಂದು ಕಾಲದ ಜನ ಸಂಕಟಕ್ಕೆ ಯಾವ ಹೆಸರು ಕೊಟ್ಟರು ಎಂದು ತಿಳಿಯಲು ಈ ಸಿನಿಮಾಗಳೇ ಬೇಕು. 2004ರ ‘ಆಪ್ತಮಿತ್ರ’ವನ್ನು ನಿಮ್ಮ ಮಗಳು ನೋಡಿರುತ್ತಾಳೆ. ಮಲಯಾಳದಿಂದ ಬಂದ ಕಥೆ. ಅದರಲ್ಲಿ ನಾಗವಲ್ಲಿಯೂ ಇದ್ದಾಳೆ, ಕಾಯಿಲೆಯೂ ಇದೆ, ಡಾಕ್ಟರೂ ಇದ್ದಾರೆ. ಕಾವೇರಿಯ ದಾರಿ, ಕಾಮಿನಿಯ ದಾರಿ ಎರಡೂ ಅಲ್ಲಿ ಬಂದು ಸೇರುತ್ತವೆ. ಆ ಸಿನಿಮಾದಿಂದ ಹಿಂದಕ್ಕೆ ನಡೆಯಿರಿ ಎಂದು ಮಗಳಿಗೆ ಹೇಳಿ. ಅವಳು ನಗುವುದಿಲ್ಲ, ಪ್ರಶ್ನೆ ಕೇಳುತ್ತಾಳೆ.

ಬೇರೆ ಏನು ನೋಡಬಹುದು ಎಂದು ಕೇಳಿದ್ದೀರಿ. ಕಾಶೀನಾಥ್ ಅವರ ‘ಅಪರಿಚಿತ’ (1978), ಒಂದೂ ಹಾಡಿಲ್ಲದ ಸುನಿಲ್‌ಕುಮಾರ್ ದೇಸಾಯಿಯವರ ‘ತರ್ಕ’ (1989), ಉಪೇಂದ್ರ ಅವರ ‘ಶ್!’ (1993). ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕೆನಿಸುವುದು ಯಾರೂ ದೆವ್ವದ ಸಿನಿಮಾ ಎಂದು ಕರೆಯದ ಎರಡರ ಬಗ್ಗೆ.

ಒಂದು ‘ಕಾಡು’, 1973ರದ್ದು. ಮೈಸೂರು ಜಿಲ್ಲೆಯವರೇ ಆದ ಶ್ರೀಕೃಷ್ಣ ಆಲನಹಳ್ಳಿ ಅವರ ಕಾದಂಬರಿ, ಗಿರೀಶ್ ಕಾರ್ನಾಡರ ನಿರ್ದೇಶನ. ಕಿಟ್ಟಿ ಎಂಬ ಹುಡುಗ. ಹೆಸರು ಹಿಡಿದು ಕರೆದು ಮನುಷ್ಯರನ್ನು ಸಾವಿಗೆ ಎಳೆಯುವ ಹಕ್ಕಿಯೊಂದು ಕಾಡಿನಲ್ಲಿದೆ ಎಂದು ಅವನು ಕೇಳಿದ್ದಾನೆ. ಊರಲ್ಲಿ ದೊಡ್ಡವರು ಹೊಡೆದಾಡಿ ಸಾಯುತ್ತಾರೆ. ಹುಡುಗ ಹಕ್ಕಿಯ ದನಿಗೆ ಕಿವಿ ಕೊಟ್ಟು ಕೂತಿದ್ದಾನೆ. ಇನ್ನೊಂದು ‘ಘಟಶ್ರಾದ್ಧ’, 1977, ಗಿರೀಶ್ ಕಾಸರವಳ್ಳಿ ಅವರದು. ಅದರಲ್ಲಿ ನಾಣಿ. ಬಸಿರಾದ ವಿಧವೆ ಯಮುನಕ್ಕನ ಹಿಂದೆ ಹಿಂದೆ ಓಡಾಡುವ ಮಾಣಿ. ಎರಡರಲ್ಲೂ ನಾವು ನೋಡುವುದು ಮಗುವಿನ ಕಣ್ಣಿನಿಂದ. ಮಗುವಿಗೆ ಅರ್ಧ ತಿಳಿಯುತ್ತದೆ, ಇನ್ನರ್ಧ ತಿಳಿಯುವುದಿಲ್ಲ. ತಿಳಿಯದ ಆ ಅರ್ಧದಲ್ಲೇ ಭಯ ಇರುವುದು. ನಾಲೆ ಏರಿಯ ಮೇಲೆ ನಡೆಯುತ್ತಿದ್ದ ನಿಮಗೂ ಹಾಗೇ ಆಗಿತ್ತು.

‘ಘಟಶ್ರಾದ್ಧ’ವನ್ನು ಈಗ ಹೊಸದಾಗಿ ಸರಿಪಡಿಸಿದ್ದಾರೆ. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ, ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ ಕೆಲಸ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇದು ಸಾಧ್ಯವಾದದ್ದು ಮೂಲ ನೆಗೆಟಿವ್ ಉಳಿದಿದ್ದರಿಂದ. ಎಲ್ಲ ಸಿನಿಮಾಗಳಿಗೂ ಆ ಭಾಗ್ಯ ಇಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ ಇವತ್ತು ನೋಡಲು ಸಿಗುವುದಿಲ್ಲ. ಕಪ್ಪು ಬಿಳುಪಿನ ಪ್ರಿಂಟುಗಳನ್ನು ಅದರಲ್ಲಿರುವ ಬೆಳ್ಳಿಯ ಆಸೆಗೆ ಕರಗಿಸಿದ ಕಾಲವೊಂದಿತ್ತು.

ಅದಕ್ಕೇ ನಿಮ್ಮ ಪತ್ರದ ಕೊನೆಯ ಸಾಲು ಓದಿದಾಗ ನನ್ನ ಎದೆ ಧಸಕ್ ಎಂದಿತು. ಟೆಂಟಿನಲ್ಲಿ ಆಪರೇಟರ್ ಆಗಿದ್ದ ನಿಮ್ಮ ತಂದೆಯವರು ಒಂದು ಟ್ರಂಕಿನ ತುಂಬ ಹಾಡಿನ ಪುಸ್ತಕ, ಹ್ಯಾಂಡ್‌ಬಿಲ್ಲು, ಕತ್ತರಿಸಿದ ಫಿಲ್ಮಿನ ತುಂಡು ಇಟ್ಟು ಹೋಗಿದ್ದಾರೆ, ಗುಜರಿಯವನು ಕೇಳುತ್ತಿದ್ದಾನೆ, ಕೊಟ್ಟುಬಿಡಲಾ ಎಂದು ಬರೆದಿದ್ದೀರಿ.

ದಯವಿಟ್ಟು ಕೊಡಬೇಡಿ. ಆ ಪುಟ್ಟ ಹಾಡಿನ ಪುಸ್ತಕದಲ್ಲಿ ಕಥೆಯನ್ನು ಅರ್ಧ ಹೇಳಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂದು ನಿಲ್ಲಿಸುತ್ತಿದ್ದರು, ನೆನಪಿದೆಯಾ? ಪ್ರಿಂಟು ಹಾಳಾದ ಎಷ್ಟೋ ಸಿನಿಮಾಗಳಿಗೆ ಈಗ ಆ ಅರ್ಧ ಕಥೆಯೇ ಗತಿ. ಟ್ರಂಕನ್ನು ಅಟ್ಟದಿಂದ ಇಳಿಸಿ. ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಕಾವು ಜಾಸ್ತಿ. ತಂಪಾದ, ತೇವವಿಲ್ಲದ ಮೂಲೆಯಲ್ಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಇಡಿ. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಅದರ ಗೋಂದು ಕಾಗದವನ್ನೇ ತಿನ್ನುತ್ತದೆ. ಫಿಲ್ಮಿನ ತುಂಡುಗಳಿಂದ ವಿನೆಗರ್ ವಾಸನೆ ಬರುತ್ತಿದ್ದರೆ ಅದು ಕೊಳೆಯಲು ಶುರುವಾಗಿದೆ ಎಂದರ್ಥ. ಅಂಥದ್ದನ್ನು ಬೇರೆ ಡಬ್ಬಕ್ಕೆ ಹಾಕಿ, ಇಲ್ಲದಿದ್ದರೆ ಪಕ್ಕದ್ದಕ್ಕೂ ಹರಡುತ್ತದೆ. ತುಂಡನ್ನು ಹಿಡಿಯುವಾಗ ಅಂಚು ಮಾತ್ರ ಮುಟ್ಟಿ.

ಮುಂದಿನ ತಿಂಗಳ ಮೊದಲ ಭಾನುವಾರ ನಾನೇ ನಿಮ್ಮ ಊರಿಗೆ ಬರುತ್ತೇನೆ. ನೀವು ಒಪ್ಪಿದರೆ ಪುಸ್ತಕಗಳ ಫೋಟೋ ತೆಗೆದುಕೊಳ್ಳುತ್ತೇನೆ, ಟ್ರಂಕು ನಿಮ್ಮ ಮನೆಯಲ್ಲೇ ಇರಲಿ. ಸಾಧ್ಯವಾದರೆ ಅವತ್ತು ಮಗಳೂ ಮನೆಯಲ್ಲಿರಲಿ. ಟೆಂಟು ಇದ್ದ ಜಾಗ ಯಾವುದು, ಆ ಹುಣಸೆಮರ ಇನ್ನೂ ಇದೆಯಾ, ಮೂವರೂ ನಡೆದುಕೊಂಡು ಹೋಗಿ ನೋಡಿ ಬರೋಣ. ಕತ್ತಲಾದ ಮೇಲೆ ಹೋಗೋಣ.

ನಿಮ್ಮ
ಸಂಪಾದಕ, ಮೈಸೂರು