60% ಆಲ್ಕೋಹಾಲ್ ಇರುವ, ಶೆರಿ ಕ್ಯಾಸ್ಕ್‌ನಲ್ಲಿ (ಶೆರಿ ವೈನ್ ಇದ್ದ ಪೀಪಾಯಿಯಲ್ಲಿ) ಮಾಗಿದ ಸಿಂಗಲ್ ಮಾಲ್ಟ್ ವಿಸ್ಕಿಗೆ ನೀರು ಹಾಕಬಹುದಾ? ಹಾಕಿದರೆ ರುಚಿ ಕೆಡುತ್ತಾ?

ಹಾಕಬಹುದು. ಹಾಕಲೇಬೇಕು ಅನ್ನುವ ಪಕ್ಷದವನು ನಾನು.

ನಿಮ್ಮಣ್ಣ ದುಬೈನಿಂದ ಗ್ಲೆನ್‌ಫಾರ್ಕ್ಲಾಸ್ 105 ಎಂಬ ಸ್ಕಾಚ್ ವಿಸ್ಕಿ ತಂದಿದ್ದಾರೆ, ಮೊದಲ ಗುಟುಕಿಗೇ ಬಾಯಿ ಉರಿದುಹೋಯಿತು, ನೀರು ಹಾಕೋಣ ಅಂದರೆ ಸ್ನೇಹಿತರು ಬೈಯುತ್ತಾರೆ ಅಂತ ಬರೆದಿದ್ದೀರಿ. ಸ್ನೇಹಿತರ ಮಾತು ಪಕ್ಕಕ್ಕಿಡಿ. ನೀವೂ ಚಿಕ್ಕಬಳ್ಳಾಪುರದವರೇ ಆದ್ದರಿಂದ ಯಾವ ನೀರು ಹಾಕುತ್ತೀರಿ ಅನ್ನುವುದು ನನಗೆ ಅದಕ್ಕಿಂತ ದೊಡ್ಡ ಚಿಂತೆ. ಅದಕ್ಕೆ ಆಮೇಲೆ ಬರುತ್ತೇನೆ.

105 ಅನ್ನುವುದು ಆಲ್ಕೋಹಾಲ್ ಅಳೆಯುವ ಹಳೇ ಬ್ರಿಟಿಷ್ ಪ್ರೂಫ್ ಲೆಕ್ಕ. ಇವತ್ತಿನ ಲೆಕ್ಕದಲ್ಲಿ 60%. ನಮ್ಮ ವೈನ್ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 42.8%. ಆ ಮಾಮೂಲಿ ವಿಸ್ಕಿಗೆ ಬಾಟಲಿ ತುಂಬುವ ಮೊದಲು ಡಿಸ್ಟಿಲರಿಯಲ್ಲೇ ನೀರು ಬೆರೆಸಿರುತ್ತಾರೆ. ಅಂದರೆ ನೀರಿಲ್ಲದ ವಿಸ್ಕಿಯನ್ನು ನಿಮ್ಮ ಸ್ನೇಹಿತರೂ ಕುಡಿದಿಲ್ಲ. ನಿಮ್ಮ ಬಾಟಲಿಯಲ್ಲಿ ಆ ಕೆಲಸವನ್ನು ಬಹುಪಾಲು ನಿಮ್ಮ ಕೈಗೇ ಬಿಟ್ಟಿದ್ದಾರೆ, ಅಷ್ಟೇ.

ಶೆರಿ ಬಗ್ಗೆ ಎರಡು ಮಾತು. ಅದು ದಕ್ಷಿಣ ಸ್ಪೇನಿನ ಹೆರೆಸ್ ಸುತ್ತಮುತ್ತಲಿನ ವೈನ್. ಗ್ಲೆನ್‌ಫಾರ್ಕ್ಲಾಸ್‌ನವರು ಒಲೊರೊಸೊ ಶೆರಿ ಇದ್ದ ಓಕ್ ಪೀಪಾಯಿಗಳನ್ನು ತರಿಸುತ್ತಾರೆ. ಒಲೊರೊಸೊ ಮಾಡುವುದು ಪಾಲೊಮಿನೊ ಎಂಬ ಬಿಳಿ ದ್ರಾಕ್ಷಿಯಿಂದ. ವರ್ಷಗಟ್ಟಲೆ ಗಾಳಿ ತಗುಲಿಸಿ ಮಾಗಿಸುವುದರಿಂದ ಅದು ಕಂದು ಬಣ್ಣಕ್ಕೆ ತಿರುಗುತ್ತದೆ, ಒಣಹಣ್ಣಿನ, ಅಕ್ರೋಟಿನ ವಾಸನೆ ಬರುತ್ತದೆ. ಆ ವೈನ್ ಹೀರಿಕೊಂಡ ಮರದಲ್ಲಿ ವಿಸ್ಕಿ ಕೂತಾಗ ಬಣ್ಣ, ವಾಸನೆ ಎರಡೂ ಇಳಿಯುತ್ತವೆ. ನಂದಿಬೆಟ್ಟದ ಸುತ್ತ ಬೆಂಗಳೂರು ನೀಲಿ ದ್ರಾಕ್ಷಿ ತಿಂದು ಬೆಳೆದ ನಾವು ಇದರಲ್ಲಿ ಆ ಘಾಟು ಪರಿಮಳ ಹುಡುಕಬಾರದು. ಅದು ಬೇರೆಯೇ ಜಾತಿ. ಇಲ್ಲಿರುವುದು ಒಣದ್ರಾಕ್ಷಿ, ಉತ್ತುತ್ತೆ, ಕಿತ್ತಳೆ ಸಿಪ್ಪೆ, ಹಿಂದಿನಿಂದ ಲವಂಗ. ಕೊನೆಯಲ್ಲಿ ಒಗರು. ಆ ಒಗರು ಓಕ್ ಮರದ್ದು, ದೋಷ ಅಲ್ಲ.

ಈಗ ಕುಡಿಯುವ ವಿಚಾರ. ಬಾಯಿ ಕಿರಿದಾದ ಗಾಜಿನ ಲೋಟ ಇರಲಿ, 30 ಎಂಎಲ್ ಸಾಕು. ಸುರಿದು ಹತ್ತು ನಿಮಿಷ ಬಿಡಿ. ಮೂಗನ್ನು ಲೋಟದೊಳಗೆ ತೂರಿಸಬೇಡಿ, 60% ಆವಿ ಮೂಗನ್ನು ಮರಗಟ್ಟಿಸಿಬಿಡುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ. ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದುಕೊಂಡೇ ವಾಸನೆ ನೋಡಿ. ಮೊದಲ ಗುಟುಕು ನೀರಿಲ್ಲದೆ, ನಾಲ್ಕೈದು ಹನಿಯಷ್ಟೇ. ಉರಿಯುತ್ತದೆ. ಉರಿ ಇಳಿದ ಮೇಲೆ ನಾಲಿಗೆ ಮೇಲೆ ಏನು ಉಳಿಯಿತು ಅಂತ ಗಮನಿಸಿ, ಮುಂದಿನ ಗುಟುಕಿಗೆ ಅದೇ ಅಳತೆಗೋಲು.

ಆಮೇಲೆ ಟೀ ಚಮಚದಲ್ಲಿ ನೀರು. ಲೋಟವನ್ನು ಬೆಳಕಿಗೆ ಹಿಡಿದು ಹಾಕಿ. ನೀರು ಇಳಿದ ಕಡೆ ಎಣ್ಣೆಯಂಥ ತೆಳು ಎಳೆಗಳು ಸುರುಳಿ ಸುತ್ತಿ ಕರಗುತ್ತವೆ. ಎರಡನೇ ಚಮಚದ ಹೊತ್ತಿಗೆ ಸ್ಪಿರಿಟ್ ಘಾಟು ಹಿಂದೆ ಸರಿದು ಕಿತ್ತಳೆ, ಹುರಿದ ಬಾದಾಮಿ ಮುಂದೆ ಬರುತ್ತವೆ. ಇದು ಬರೀ ಭ್ರಮೆ ಅಲ್ಲ. ಸ್ವೀಡನ್ನಿನ ಲಿನಿಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್‌ನಲ್ಲಿ ಅಣುಗಳ ಮಾದರಿ ಕಟ್ಟಿ ಇದನ್ನು ನೋಡಿದರು. ವಿಸ್ಕಿಯಲ್ಲಿರುವ ಗ್ವಾಯಕಾಲ್ ಎಂಬ ವಾಸನೆಯ ಅಣು ಆಲ್ಕೋಹಾಲ್ 45%ಗಿಂತ ಕಡಿಮೆ ಇದ್ದಾಗ ಮೇಲ್ಮೈಯಲ್ಲಿ, ಅಂದರೆ ಮೂಗಿಗೆ ಸಿಗುವ ಜಾಗದಲ್ಲಿ ಇರುತ್ತದೆ. 59% ದಾಟಿದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಬಾಟಲಿ 60%, ಲೆಕ್ಕ ಹಾಕಿ.

30 ಎಂಎಲ್‌ಗೆ 10 ಎಂಎಲ್ ನೀರು ಹಾಕಿದರೆ 45% ಆಗುತ್ತದೆ, ನನ್ನ ಬಾಯಿಗೆ ಅದೇ ಸರಿ. 12 ಎಂಎಲ್ ಹಾಕಿದರೆ ನಮ್ಮ ಅಂಗಡಿ ವಿಸ್ಕಿಯ 42.8%ಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮುಂದೆ ಹೋದರೆ ಹಣ್ಣು ತೆಳುವಾಗಿ ಮರದ ಒಗರು ಮಾತ್ರ ಉಳಿಯುತ್ತದೆ. ಸ್ವಲ್ಪ ಮಂಜು ಕಟ್ಟಿದಂತೆ ಕಂಡರೆ ಹೆದರಬೇಡಿ, ಆಲ್ಕೋಹಾಲ್ ಇಳಿದಾಗ ಎಸ್ಟರ್ ಎಂಬ ಕೆಲವು ಅಂಶಗಳು ಕರಗದೆ ಹಾಗೆ ಕಾಣುತ್ತವೆ. ಐಸ್ ಬೇಡ. ತಣ್ಣಗಾದರೆ ವಾಸನೆ ಮುದುಡಿಕೊಳ್ಳುತ್ತದೆ.

ಇನ್ನು ನೀರು. ದಯವಿಟ್ಟು ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆದು ತೆಗೆಯುವ ನೀರು ಎಂಥದ್ದು ಅಂತ ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪದರ ನೋಡಿದರೆ ಗೊತ್ತಾಗುತ್ತದೆ. ಬಾಗೇಪಲ್ಲಿ ಕಡೆ ಫ್ಲೋರೈಡ್ ಬೇರೆ, ಅದು ಕಾಯಿಸಿದರೂ ಹೋಗುವುದಿಲ್ಲ. ಆ ಉಪ್ಪು, ಸುಣ್ಣದ ರುಚಿ ಶೆರಿಯ ಸೂಕ್ಷ್ಮವನ್ನೆಲ್ಲ ಮುಚ್ಚಿಹಾಕುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಅದೂ ಬೇಡ. ಬೀದಿ ಕೊನೆಯ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಧಾರಾಳ ಸಾಕು, ಅದರಲ್ಲಿ ಖನಿಜ ಕಡಿಮೆ. ಬೆಲೆಬಾಳುವ ಮಿನರಲ್ ವಾಟರ್ ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ.

ಜೊತೆಗೆ ನಾಟಿಕೋಳಿ ಸಾರು, ಖಾರದ ಮಸಾಲೆ ಕಡಲೆಕಾಯಿ ಇಟ್ಟುಕೊಳ್ಳಬೇಡಿ. ಊಟ ಆಮೇಲೆ ಆಗಲಿ. ಉಪ್ಪು ಹಾಕದೆ ಹುರಿದ ಕಡಲೆಬೀಜ ನಾಲ್ಕು ಬಾಯಿಗೆ ಹಾಕಿಕೊಂಡರೆ ತೊಂದರೆ ಇಲ್ಲ.

ಪೆಗ್ ಲೆಕ್ಕವನ್ನೂ ಬದಲಿಸಿಕೊಳ್ಳಿ. ಇದರ 60 ಎಂಎಲ್ ಅಂದರೆ ಮಾಮೂಲಿ ವಿಸ್ಕಿಯ 84 ಎಂಎಲ್. ಎರಡು ಲಾರ್ಜ್ ಅಂದುಕೊಂಡು ಕುಡಿದವರು ಮೂರಕ್ಕೆ ಹತ್ತಿರ ಹೋಗಿರುತ್ತಾರೆ. ಕುಡಿದ ಮೇಲೆ ಗಾಡಿ ಮುಟ್ಟಲೇಬೇಡಿ.

ಇದು ಹಿಡಿಸಿದರೆ ನಮ್ಮವರದ್ದೇ ಒಂದಿದೆ, ಅಮೃತ್ ಇಂಟರ್ಮೀಡಿಯೆಟ್ ಶೆರಿ, 57.1%. ಮೈಸೂರು ರಸ್ತೆಯ ಕಂಬೀಪುರದಲ್ಲಿ ಮಾಗಿದ್ದು. ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ಸ್ಕಾಟ್ಲೆಂಡ್‌ಗಿಂತ ಎಷ್ಟೋ ಪಾಲು ಹೆಚ್ಚು ಆವಿಯಾಗುತ್ತದೆ, ಮಾಗುವುದೂ ಬೇಗ. ಹೊರದೇಶದಿಂದ ಬರುವವರು ಯಾರಾದರೂ ಇದ್ದರೆ ಹೇಳಿ ತರಿಸಿ.

ಬಾಟಲಿಯನ್ನು ಬಿಸಿಲು ಬೀಳದ ಕಡೆ ನಿಲ್ಲಿಸಿಯೇ ಇಡಿ. ಕಾರ್ಕ್ ಮುಚ್ಚಳ ಇರುವ ಬಾಟಲಿಯನ್ನು ಮಲಗಿಸಿದರೆ ಇಷ್ಟು ಸ್ಟ್ರಾಂಗ್ ಸ್ಪಿರಿಟ್ ಕಾರ್ಕನ್ನು ತಿಂದುಹಾಕುತ್ತದೆ.