ಆಳಸಮುದ್ರದಲ್ಲಿ ಒಂದು ರಾತ್ರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ರಾತ್ರಿಯಿಡೀ ಆಳಸಮುದ್ರದಲ್ಲಿದ್ದು ಗಾಳ ಹಾಕಿ ಮೀನು ಹಿಡಿಯುವ ಪ್ರವಾಸದ ಬಗ್ಗೆ ಹಲವು ಓದುಗರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಮತ್ತೆ ಮತ್ತೆ ಬಂದಿರುವ ಪ್ರಶ್ನೆಗಳನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಗೆಳೆಯರೆಲ್ಲ ಸೇರಿ ಮೊದಲ ಬಾರಿಗೆ ಇಂಥ ಪ್ರವಾಸಕ್ಕೆ ದೋಣಿ ಗೊತ್ತುಮಾಡಬೇಕೆಂದಿದ್ದೇವೆ. ದಿನವನ್ನು ಆರಿಸುವುದು ಹೇಗೆ? ಅಮಾವಾಸ್ಯೆ ಒಳ್ಳೆಯದೋ ಹುಣ್ಣಿಮೆಯೋ?

ಉತ್ತರ: ಚಂದ್ರನ ಲೆಕ್ಕಕ್ಕಿಂತ ಮೊದಲು ಗಾಳಿ ಮತ್ತು ಅಲೆಯ ಲೆಕ್ಕವನ್ನು ನೋಡಿ. ಮುನ್ಸೂಚನೆಯಲ್ಲಿ ಅಲೆಯ ಎತ್ತರ 1.5 ಮೀಟರ್ ಎಂದಿದ್ದರೆ ಎಲ್ಲ ಅಲೆಗಳೂ ಅಷ್ಟೇ ಇರುತ್ತವೆ ಎಂದು ಹೊಸಬರು ತಿಳಿಯುವುದುಂಟು. ಆ ಅಂಕಿ ಸಾಮಾನ್ಯವಾಗಿ ಅತಿ ಎತ್ತರದ ಮೂರನೇ ಒಂದು ಭಾಗದ ಅಲೆಗಳ ಸರಾಸರಿಯನ್ನು ಹೇಳುತ್ತದೆ. ಹಲವು ಗಂಟೆ ನೀರಿನ ಮೇಲಿರುವವರಿಗೆ ಅದರ ಸುಮಾರು ಎರಡು ಪಟ್ಟು ಎತ್ತರದ ಅಲೆಯೂ ಎದುರಾಗಬಹುದು. ಎತ್ತರದಷ್ಟೇ ಮುಖ್ಯವಾದುದು ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಅವಧಿ. ಅದೇ 1.5 ಮೀಟರಿನ ಅಲೆಗಳು 10–12 ಸೆಕೆಂಡಿಗೊಮ್ಮೆ ಬಂದರೆ ದೋಣಿ ನಿಧಾನವಾಗಿ ಏರಿಳಿಯುತ್ತದೆ. 5 ಸೆಕೆಂಡಿಗೊಮ್ಮೆ ಬಂದರೆ ಸಣ್ಣ ದೋಣಿಯಲ್ಲಿ ಆಧಾರವಿಲ್ಲದೆ ನಿಲ್ಲುವುದೇ ಕಷ್ಟ, ಇನ್ನು ಗಾಳಕ್ಕೆ ಎರೆ ಸಿಕ್ಕಿಸುವ ಮಾತೆಲ್ಲಿ. ಗಾಳಿ ಒಂದು ದಿಕ್ಕಿನಿಂದಲೂ ನೀರಿನ ಸೆಳೆತ ಅದಕ್ಕೆ ಎದುರಿನಿಂದಲೂ ಬಂದಾಗ ಅಲೆಗಳು ಇನ್ನಷ್ಟು ಕಡಿದಾಗುತ್ತವೆ. ಮುನ್ಸೂಚನೆಯನ್ನು ಹೊರಡುವ ಹೊತ್ತಿಗೆ ಮಾತ್ರವಲ್ಲ, ಮರಳಿ ದಡ ಸೇರಬೇಕಾದ ಹೊತ್ತು ಕಳೆದು ಅರ್ಧ ದಿನದವರೆಗೂ ನೋಡಬೇಕು, ಏಕೆಂದರೆ ಎಂಜಿನ್ ಕೈಕೊಟ್ಟರೆ ಆ ಅರ್ಧ ದಿನವನ್ನೂ ನೀವು ಸಮುದ್ರದಲ್ಲೇ ಕಳೆಯಬೇಕಾಗಬಹುದು.

ಗಾಳಿ ಎಷ್ಟಾದರೆ ಹೊರಡುವುದಿಲ್ಲ, ಎಷ್ಟಾದರೆ ಅರ್ಧದಿಂದಲೇ ಮರಳುತ್ತೇವೆ ಎಂಬುದನ್ನು ಎರಡು ದಿನ ಮೊದಲೇ, ಮನೆಯಲ್ಲಿ ಕುಳಿತು, ಎಲ್ಲರೂ ಒಪ್ಪಿ ಬರೆದಿಟ್ಟುಕೊಳ್ಳಿ. ಈ ಅಂಕಣದಲ್ಲಿ ನಾನು ಹೇಳಬೇಕಾದ ಅತಿ ಮುಖ್ಯವಾದ ಮಾತು ಇದು. ದೋಣಿಗೆ ಹಣ ಕೊಟ್ಟಾಗಿರುತ್ತದೆ, ಎಲ್ಲರೂ ರಜೆ ಹಾಕಿ ಬಂದಿರುತ್ತಾರೆ, ಐಸ್ ತುಂಬಿಸಿಯಾಗಿರುತ್ತದೆ. ಆ ಹೊತ್ತಿನಲ್ಲಿ ದೋಣಿ ಹತ್ತುವ ಧಕ್ಕೆಯ ಮೇಲೆ ನಿಂತು ‘ಬೇಡ’ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ, ನಿದ್ದೆಗೆಟ್ಟು, ಮೀನು ಆಗತಾನೆ ಕಚ್ಚತೊಡಗಿರುವಾಗ ಮಾಡುವ ತೀರ್ಮಾನವಂತೂ ನಂಬತಕ್ಕದ್ದಲ್ಲ. ದೋಣಿ ನಡೆಸುವ ಮುಖ್ಯಸ್ಥರಾದ ತಾಂಡೇಲರು ಮರಳೋಣ ಎಂದರೆ ಅದಕ್ಕೆ ಎದುರಾಡುವುದಿಲ್ಲ ಎಂಬ ಒಪ್ಪಂದವೂ ಆಗಲೇ ಆಗಿರಲಿ.

ಇನ್ನು ಚಂದ್ರನ ಮಾತು. ಕತ್ತಲ ರಾತ್ರಿಯಲ್ಲಿ ದೋಣಿಯಿಂದ ನೀರಿಗೆ ಬಿಟ್ಟ ದೀಪದ ಸುತ್ತ ಸೂಕ್ಷ್ಮಜೀವಿಗಳು, ಅವುಗಳ ಹಿಂದೆ ಸಣ್ಣ ಮೀನು ಮತ್ತು ಬೊಂಡಾಸ್ (ಸ್ಕ್ವಿಡ್), ಅವುಗಳ ಹಿಂದೆ ದೊಡ್ಡ ಮೀನು ಸೇರುತ್ತವೆ. ಬೆಳದಿಂಗಳಿನಲ್ಲಿ ಈ ಸೆಳೆತ ಕುಗ್ಗುತ್ತದೆ. ಆದರೆ ಅಮಾವಾಸ್ಯೆ ಮತ್ತು ಹುಣ್ಣಿಮೆ ಎರಡರ ಆಸುಪಾಸಿನಲ್ಲೂ ಭರತ ಇಳಿತಗಳು ಜೋರಾಗಿರುವುದರಿಂದ ನೀರಿನ ಸೆಳೆತ ಹೆಚ್ಚಿ, ತಳಮಟ್ಟದ ಮೀನಿಗೆ ಹಾಕಿದ ಗಾಳ ಓರೆಯಾಗಿ ತೇಲಿಹೋಗುತ್ತದೆ. ತಳದ ಮೀನನ್ನೇ ಬಯಸುವವರಿಗೆ ಅಷ್ಟಮಿಯ ಹತ್ತಿರದ ದಿನಗಳು ಅನುಕೂಲ.

ಪ್ರಶ್ನೆ: ದೋಣಿಯವರನ್ನು ಕೇಳಿದರೆ ‘ಎಲ್ಲ ಇದೆ’ ಎನ್ನುತ್ತಾರೆ. ನಾವು ಕಣ್ಣಾರೆ ನೋಡಬೇಕಾದದ್ದು ಯಾವುದು?

ಉತ್ತರ: ಹಿಂದಿನ ದಿನ, ಹಗಲು ಹೊತ್ತಿನಲ್ಲಿ ಹೋಗಿ ನೋಡಿ. ಲೈಫ್ ಜಾಕೆಟ್‌ಗಳನ್ನು ಎಣಿಸಿದರೆ ಸಾಲದು, ಪ್ರತಿಯೊಬ್ಬರೂ ತಮ್ಮದನ್ನು ತೊಟ್ಟು ಬಕಲ್ ಹಾಕಿ ನೋಡಬೇಕು. ಸೀಟಿ ಮತ್ತು ಪುಟ್ಟ ದೀಪ ಅದಕ್ಕೆ ಕಟ್ಟಿರಬೇಕು. ಕತ್ತಲಲ್ಲಿ ನೀರಿಗೆ ಬಿದ್ದವರ ತಲೆಯನ್ನು ಅಲೆಗಳ ನಡುವೆ ಗುರುತಿಸುವುದು ಅತ್ಯಂತ ಕಷ್ಟ. ಹೊತ್ತು ಮುಳುಗಿದಾಗ ತೊಟ್ಟ ಜಾಕೆಟ್ಟನ್ನು ಬೆಳಗಾಗುವವರೆಗೆ ಬಿಚ್ಚಬಾರದು. ದೋಣಿಯ ಅಂಚಿನಲ್ಲಿ ನಿಂತು ಮೂತ್ರ ವಿಸರ್ಜಿಸಲು ಹೋಗಿ ನೀರಿಗೆ ಬೀಳುವ ಅಪಾಯ ನಿಜವಾದದ್ದು. ಒಂದು ಬಕೆಟ್ ಇಟ್ಟುಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ದಡದಿಂದ ದೂರ ಹೋದಂತೆ ಮೊಬೈಲ್ ಫೋನು ನಿಷ್ಪ್ರಯೋಜಕವಾಗುತ್ತದೆ. ದೋಣಿಗಳು ಪರಸ್ಪರ ಮತ್ತು ದಡದೊಂದಿಗೆ ಮಾತಾಡಲು ಬಳಸುವ ವಿ.ಎಚ್.ಎಫ್. ರೇಡಿಯೋ ಇದೆಯೇ, ಅಪಾಯದ ಕರೆಗೆ ಮೀಸಲಾದ 16ನೇ ಚಾನೆಲ್ ಅದರಲ್ಲಿ ಕೆಲಸ ಮಾಡುತ್ತದೆಯೇ ಎಂದು ಕೇಳಿ, ಅದನ್ನು ಬಳಸುವ ಕ್ರಮವನ್ನು ನಿಮ್ಮಲ್ಲಿ ಇಬ್ಬರಾದರೂ ಕಲಿಯಿರಿ, ಏಕೆಂದರೆ ಅಪಾಯಕ್ಕೆ ಸಿಲುಕಿದವರು ತಾಂಡೇಲರೇ ಆಗಿರಬಹುದು. ಉಪಗ್ರಹಕ್ಕೆ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳುಹಿಸುವ ತುರ್ತು ಬೀಕನ್ ಇದ್ದರೆ ಅದರ ಬ್ಯಾಟರಿಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇಂಧನದಲ್ಲಿ ಮೂರನೇ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಒಂದು ಪಾಲು ಕಾಯ್ದಿರಿಸುವುದಕ್ಕೆ ಎಂಬುದು ಹಳೆಯ ಲೆಕ್ಕ, ಇಂದಿಗೂ ಸರಿಯಾದ ಲೆಕ್ಕ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಮಂದಿ, ಎಷ್ಟು ಹೊತ್ತಿಗೆ ಮರಳುತ್ತೀರಿ, ಮರಳದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ಕಾಗದದಲ್ಲಿ ಬರೆದುಕೊಡಿ.

ಬಹುಪಾಲು ಜನ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ರಾತ್ರಿ ಕಾವಲಿರುವವರು ಯಾರು? ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳು ಪ್ರತಿಯೊಂದು ನೌಕೆಯೂ ಸದಾ ಕಣ್ಣು ಕಿವಿ ತೆರೆದು ಕಾವಲಿರಬೇಕೆಂದು ಹೇಳುತ್ತವೆ. 20 ನಾಟ್ ವೇಗದ ಹಡಗು ಒಂದು ನಾಟಿಕಲ್ ಮೈಲನ್ನು, ಅಂದರೆ 1852 ಮೀಟರನ್ನು, 3 ನಿಮಿಷದಲ್ಲಿ ದಾಟುತ್ತದೆ. 6 ನಾಟಿಕಲ್ ಮೈಲು ಆಚೆ ಚುಕ್ಕೆಯಂತೆ ಕಂಡ ದೀಪ 18 ನಿಮಿಷದಲ್ಲಿ ನಿಮ್ಮ ಪಕ್ಕದಲ್ಲಿರುತ್ತದೆ. ನೌಕೆಯ ಎಡಬದಿಯ ದೀಪ ಕೆಂಪು, ಬಲಬದಿಯದು ಹಸಿರು. ಎರಡೂ ಒಟ್ಟಿಗೆ ಕಾಣುತ್ತಿವೆ ಎಂದಾದರೆ ಅದು ನೇರವಾಗಿ ನಿಮ್ಮತ್ತಲೇ ಬರುತ್ತಿದೆ. ಮೀನು ಸೆಳೆಯುವ ಪ್ರಖರ ದೀಪವನ್ನೇ ನೋಡುತ್ತಿದ್ದ ಕಣ್ಣಿಗೆ ಕತ್ತಲು ಒಗ್ಗಲು 20–30 ನಿಮಿಷ ಬೇಕು. ಆದ್ದರಿಂದ ಕಾವಲಿನವರು ಗಾಳ ಮುಟ್ಟಬಾರದು, ದೀಪಕ್ಕೆ ಬೆನ್ನು ಮಾಡಿ ಕೂರಬೇಕು, ತಲೆಗೆ ಕಟ್ಟುವ ಟಾರ್ಚು ಕೆಂಪು ಬೆಳಕಿನದಾಗಿರಬೇಕು. ಸರದಿಯ ಪಟ್ಟಿಯನ್ನು ದಡದಲ್ಲೇ ತಯಾರಿಸಿ. ಎಂಜಿನ್ನೋ ಜನರೇಟರೋ ಓಡುತ್ತಿರುವಾಗ ಮುಚ್ಚಿದ ಕೋಣೆಯಲ್ಲಿ ಮಲಗುವುದು ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ.

ಪ್ರಶ್ನೆ: ನನಗೆ ಬಸ್ಸಿನಲ್ಲಿ ಹೋದರೂ ಹೊಟ್ಟೆ ತೊಳೆಸುತ್ತದೆ. ರಾತ್ರಿಯಿಡೀ ಸಮುದ್ರದಲ್ಲಿರಲು ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ಔಷಧಿ ಹೊಟ್ಟೆ ತೊಳೆಸಲು ಶುರುವಾದ ಮೇಲೆ ಅಲ್ಲ, ಮೊದಲೇ ದೇಹ ಸೇರಿರಬೇಕು. ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್ ಮುಂತಾದ ಮಾತ್ರೆಗಳನ್ನು ದೋಣಿ ಹತ್ತುವುದಕ್ಕೆ ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳುತ್ತಾರೆ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಗೆ ಕನಿಷ್ಠ 4 ಗಂಟೆ ಬೇಕು, ಅದರ ಪರಿಣಾಮ 3 ದಿನದವರೆಗೂ ಇರುತ್ತದೆ. ಪಟ್ಟಿ ಮುಟ್ಟಿದ ಬೆರಳಿನಿಂದ ಕಣ್ಣುಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ, ಕೈ ತೊಳೆಯುವುದನ್ನು ಮರೆಯಬೇಡಿ. ಗ್ಲಾಕೋಮಾ ಇರುವವರಿಗೂ ಮೂತ್ರ ಕಟ್ಟುವ ತೊಂದರೆ ಇರುವವರಿಗೂ ಇವು ಹಾನಿ ಮಾಡಬಹುದಾದ್ದರಿಂದ ವೈದ್ಯರನ್ನು ಕೇಳಿಯೇ ಆರಿಸಿಕೊಳ್ಳಿ. ಮಾತ್ರೆ ನಿಮಗೆ ಎಷ್ಟು ಮಂಪರು ತರುತ್ತದೆ ಎಂಬುದನ್ನು ಪ್ರವಾಸಕ್ಕೆ ಮೊದಲು ಮನೆಯಲ್ಲಿ ಒಂದು ದಿನ ಪರೀಕ್ಷಿಸಿ ನೋಡುವುದು ಲೇಸು.

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಮದ್ಯವನ್ನು ದೂರವಿಡಿ, ಬರಿ ಹೊಟ್ಟೆಯಲ್ಲೂ ಹೊಟ್ಟೆ ಬಿರಿಯುವಂತೆ ಉಂಡೂ ಹೊರಡಬೇಡಿ. ಹೊಯ್ದಾಟ ಅತಿ ಕಡಿಮೆ ಇರುವ ಜಾಗ ದೋಣಿಯ ನಡುಭಾಗ. ಬೆಳಕಿರುವಷ್ಟು ಹೊತ್ತು ದಿಗಂತವನ್ನು ನೋಡಿ. ಕತ್ತಲಾದ ಮೇಲೆ ನೋಡಲು ದಿಗಂತವೇ ಇರುವುದಿಲ್ಲ. ಆಗ ಬಗ್ಗಿ ಗಂಟು ಹಾಕುವುದು, ಫೋನಿನ ಪರದೆ ನೋಡುವುದು ಬೇಡ; ಡೀಸೆಲ್ ಹೊಗೆ ತಾಗದ ಕಡೆ, ಗಾಳಿಗೆ ಮುಖವೊಡ್ಡಿ ಕೂರಬೇಕು, ಅಥವಾ ಕಣ್ಣುಮುಚ್ಚಿ ಮಲಗಬೇಕು. ವಾಂತಿಯಾದರೆ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ.

ಪ್ರಶ್ನೆ: ಹತ್ತು ವರ್ಷದ ಮಗನನ್ನು ಕರೆದೊಯ್ಯಬಹುದೇ?

ಉತ್ತರ: ಮೊದಲು ಹಗಲಿನ ನಾಲ್ಕೈದು ಗಂಟೆಯ ಪ್ರವಾಸಕ್ಕೆ ಕರೆದೊಯ್ಯಿರಿ. ಅದರಲ್ಲಿ ಅವನು ಸಂತೋಷವಾಗಿದ್ದರೆ ರಾತ್ರಿಯ ಮಾತನ್ನು ಮುಂದಿನ ವರ್ಷ ಯೋಚಿಸಬಹುದು.

ಪ್ರಶ್ನೆ: ಗಾಳದ ಸಾಮಾನುಗಳಲ್ಲಿ ಏನೇನು ಸಿದ್ಧವಿರಬೇಕು?

ಉತ್ತರ: ಆಳಕ್ಕೆ ಹೆಣೆದ ದಾರವೇ ಸರಿ, ಅದು ಸಣ್ಣಗಿರುವುದರಿಂದ ನೀರಿನ ಸೆಳೆತಕ್ಕೆ ಕಡಿಮೆ ಸಿಗುತ್ತದೆ, ಹಿಗ್ಗದಿರುವುದರಿಂದ 100 ಮೀಟರ್ ಕೆಳಗಿನ ಮೆಲು ಕಚ್ಚು ಕೂಡ ಕೈಗೆ ತಿಳಿಯುತ್ತದೆ. ಅದರ ತುದಿಗೆ, ಬಂಡೆಗೂ ಹಲ್ಲಿಗೂ ತಾಳುವ ದಪ್ಪ ನೈಲಾನ್ ದಾರದ ತುಂಡನ್ನು ಕಟ್ಟಬೇಕು. ಸೀಸದ ಗುಂಡುಗಳು 200 ಗ್ರಾಮಿನಿಂದ 1 ಕಿಲೋವರೆಗೆ ಬೇರೆ ಬೇರೆ ತೂಕದಲ್ಲಿರಲಿ, ಆದರೆ ಒಂದೇ ಬದಿಯಲ್ಲಿ ನಿಂತವರೆಲ್ಲ ಒಂದೇ ತೂಕದ್ದನ್ನು ಬಳಸಲಿ. ಇಲ್ಲವಾದರೆ ದಾರಗಳು ಬೇರೆ ಬೇರೆ ಕೋನದಲ್ಲಿ ಇಳಿದು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ತುದಿ ಒಳಬಾಗಿದ ಸರ್ಕಲ್ ಹುಕ್ ಹಾಕಿದ್ದರೆ ಮೀನು ಕಚ್ಚಿದೊಡನೆ ಜಗ್ಗಬೇಡಿ, ದಾರ ಬಿಗಿಯಾಗುವವರೆಗೆ ಕಾದು ಸುತ್ತುತ್ತಾ ಹೋದರೆ ಅದು ತಾನಾಗಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಒದ್ದೆಗೈಯಲ್ಲಿ ಓಲಾಡುತ್ತಾ ಕಟ್ಟಿದ ಗಂಟನ್ನು ನಂಬುವಂತಿಲ್ಲವಾದ್ದರಿಂದ ಬೇಕಾದಷ್ಟು ಹುಕ್ಕುಗಳನ್ನು ಮನೆಯಲ್ಲೇ ಕಟ್ಟಿ ಒಂದೊಂದು ಚೀಲದಲ್ಲಿಡಿ.

ದೊಡ್ಡ ಮೀನು ದೋಣಿಯ ಪಕ್ಕಕ್ಕೆ ಬಂದ ಕ್ಷಣವೇ ಅತ್ಯಂತ ಅಪಾಯದ್ದು. ಸುಸ್ತಾದಂತೆ ಕಂಡ ಮೀನನ್ನು ಎತ್ತಲು ಒಬ್ಬರು ದಾರವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಾರೆ, ಮೀನು ದೀಪದ ಬೆಳಕು ಕಂಡು ಒಮ್ಮೆಲೇ ಆಳಕ್ಕೆ ಧುಮುಕುತ್ತದೆ, ಸುತ್ತು ಬಿಗಿದು ಎಲುಬಿನವರೆಗೆ ಕೊರೆಯುತ್ತದೆ ಅಥವಾ ಮನುಷ್ಯನನ್ನೇ ನೀರಿಗೆಳೆಯುತ್ತದೆ. ದಪ್ಪ ಕೈಗವಸು ಹಾಕಿ, ದಾರವನ್ನು ಹಿಡಿಯಿರಿ, ಎಂದಿಗೂ ಸುತ್ತಿಕೊಳ್ಳಬೇಡಿ. ದಾರ ಕತ್ತರಿಸುವ ಚಾಕು ಕೈಗೆಟಕುವಲ್ಲಿ ಒರೆಯಲ್ಲಿರಲಿ. ಸೂಜಿಯಂಥ ಮೂತಿಯ ಕೆಲವು ಮೀನುಗಳು ರಾತ್ರಿ ಬೆಳಕಿನ ಕಡೆಗೆ ನೀರಿನಿಂದ ರಭಸವಾಗಿ ಚಿಮ್ಮಿ ಜನರಿಗೆ ಗಾಯ ಮಾಡಿರುವುದುಂಟು, ಆದ್ದರಿಂದ ದೀಪದ ಬಳಿ ಅಂಚಿನಾಚೆ ಮುಖ ಚಾಚಿ ನೋಡುವ ಅಭ್ಯಾಸ ಬೇಡ.

ಪ್ರಶ್ನೆ: ಐಸ್ ಎಷ್ಟು ಒಯ್ಯಬೇಕು? ಬೆಳಿಗ್ಗೆಯೇ ಮರಳುವುದರಿಂದ ಸ್ವಲ್ಪ ಸಾಕಲ್ಲವೇ?

ಉತ್ತರ: ಸಾಲದು. ಟ್ಯೂನಾ, ಬಂಗುಡೆಯ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುತ್ತದೆ. ಮೀನು ಕೆಲವು ಗಂಟೆ ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಆಮೇಲೆ ಎಷ್ಟು ಬೇಯಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರುತ್ತದೆ, ತಲೆನೋವು, ಎದೆಬಡಿತ, ವಾಂತಿ ಕಾಣಿಸಿಕೊಳ್ಳುತ್ತವೆ. ಮೀನು ನೋಡಲು, ಮೂಸಲು ಸರಿಯಾಗಿಯೇ ಇದ್ದಿರಬಹುದು. ಹಿಡಿಯಬಹುದೆಂದು ಅಂದಾಜಿಸಿದ ಮೀನಿನ ತೂಕದಷ್ಟಾದರೂ ಐಸ್ ಇರಲಿ, ಸೆಕೆಯ ದಿನಗಳಲ್ಲಿ ಅದರ ಎರಡು ಪಟ್ಟು. ಮೀನು ಹತ್ತಿದ ಕೂಡಲೇ ಕಿವಿರಿನ ಬಳಿ ಕೊಯ್ದು ರಕ್ತ ಬಸಿಯಲು ಬಿಡಿ, ಕಿವಿರು ಕರುಳು ತೆಗೆಯಿರಿ, ಎರಡು ಪಾಲು ಐಸಿಗೆ ಒಂದು ಪಾಲು ಸಮುದ್ರದ ನೀರು ಬೆರೆಸಿದ ಪೆಟ್ಟಿಗೆಯಲ್ಲಿ ಮುಳುಗಿಸಿ. ಬರಿ ಐಸಿನ ಚೂರುಗಳು ಮೀನನ್ನು ಅಲ್ಲಲ್ಲಿ ಮಾತ್ರ ತಾಗುತ್ತವೆ, ಈ ಮಿಶ್ರಣ ಸುತ್ತಲೂ ತಾಗಿ ಬೇಗ ತಂಪುಮಾಡುತ್ತದೆ. ಕುಡಿಯುವ ನೀರಿಗೆ ಬೇರೆಯೇ ಪೆಟ್ಟಿಗೆ ಇರಲಿ. ಬಾಯಾರಿದಾಗಲೆಲ್ಲ ಮೀನಿನ ಪೆಟ್ಟಿಗೆಯ ಮುಚ್ಚಳ ತೆರೆದರೆ ಬೆಳಗಾಗುವಷ್ಟರಲ್ಲಿ ಐಸ್ ಕರಗಿರುತ್ತದೆ.

ಪ್ರಶ್ನೆ: ಹೆಚ್ಚಾದ ಮೀನನ್ನು ಜೀವಂತವಾಗಿ ಬಿಟ್ಟುಬಿಡಬಹುದಲ್ಲವೇ?

ಉತ್ತರ: ಆಳದಿಂದ ಬಂದ ಮೀನನ್ನು ಸುಮ್ಮನೆ ನೀರಿಗೆ ಹಾಕಿದರೆ ಬಹಳ ಸಲ ಅದು ಬದುಕುವುದಿಲ್ಲ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ನಾಲ್ಕು ಪಟ್ಟು. ಅಲ್ಲಿಂದ ಬೇಗ ಮೇಲೆಳೆದ ಮೀನಿನ ಒಳಗಿನ ಗಾಳಿಚೀಲ ಹಿಗ್ಗಿ, ಹೊಟ್ಟೆ ಬಾಯಿಂದ ಹೊರಬಂದು, ಕಣ್ಣು ಉಬ್ಬಿ, ಅದು ಮತ್ತೆ ಮುಳುಗಲಾರದೆ ತೇಲುತ್ತದೆ. ತುಟಿಗೆ ಸಿಕ್ಕಿಸಿ ಭಾರದ ಗುಂಡಿನೊಂದಿಗೆ ಕೆಳಗಿಳಿಸಿ ಆಳದಲ್ಲಿ ಬಿಡುವ ಸಾಧನವನ್ನು ಒಯ್ದರೆ ಹಲವು ಜಾತಿಯ ಮೀನುಗಳು ಚೇತರಿಸಿಕೊಳ್ಳುತ್ತವೆ. ಬಾಯಿಂದ ಹೊರಬಂದ ಹೊಟ್ಟೆಯನ್ನು ಚುಚ್ಚಬೇಡಿ. ಎಷ್ಟು ಮೀನು, ಯಾವ ಅಳತೆಯ ಮೀನು ಹಿಡಿಯಬಹುದೆಂಬ ಅಲ್ಲಿನ ನಿಯಮವನ್ನು ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿ ತಿಳಿದು, ಅಷ್ಟಾದೊಡನೆ ತಳದ ಗಾಳವನ್ನು ಎತ್ತಿಬಿಡಿ. ಉಳಿದ ರಾತ್ರಿಯಲ್ಲಿ ದೀಪದ ಸುತ್ತ ಬರುವ ಬೊಂಡಾಸಿಗೆ ಗಾಳ ಹಾಕಬಹುದು, ಅದಕ್ಕೆ ಗಾಳಿಚೀಲದ ತೊಂದರೆ ಇಲ್ಲ.