ಹಿತ್ತಲಿನ ಅಗ್ಗಿಷ್ಟಿಕೆಗೆ ಸಿಮೆಂಟ್ ಎಲ್ಲಿ ಬೇಕು, ಎಲ್ಲಿ ಬೇಡ?

ಹುಬ್ಬಳ್ಳಿಯಲ್ಲಿ ಮನೆ ಹಿಂದೆ ಫರ್ಸಿ ಹಾಸಿದ ಜಾಗ ಇದೆ, ಚಳಿಗಾಲದ ಸಂಜೆ ನಾಲ್ಕು ಜನ ಕೂಡಲು ಚಿಮಣಿ ಇರುವ ಅಗ್ಗಿಷ್ಟಿಕೆಯನ್ನು ಕಡಿಮೆ ಖರ್ಚಿನಲ್ಲಿ ನಾವೇ ಕಟ್ಟಬಹುದೇ, ಗೌಂಡಿ ಪೂರ್ತಿ ಸಿಮೆಂಟಿನಲ್ಲೇ ಕಟ್ಟೋಣ ಅನ್ನುತ್ತಾನೆ ಎಂದು ಕೇಳಿದ್ದೀರಿ.

ಕಟ್ಟಬಹುದು. ಆದರೆ ಗೌಂಡಿಯ ಮಾತು ಅರ್ಧ ಮಾತ್ರ ಸರಿ. ಬುನಾದಿಗೂ ಮಳೆ ಬೀಳುವ ಚಿಮಣಿಗೂ ಸಿಮೆಂಟ್ ಬೇಕು. ಉರಿ ತಾಗುವ ಗೂಡಿಗೆ ಬೇಡವೇ ಬೇಡ. 400-500 ಡಿಗ್ರಿ ಕಾವಿನಲ್ಲಿ ಸಿಮೆಂಟಿನೊಳಗಿನ ಸುಣ್ಣದ ಅಂಶ ಒಡೆದು ಸುಟ್ಟ ಸುಣ್ಣವಾಗುತ್ತದೆ. ಆರಿದ ಮೇಲೆ ಅದು ಗಾಳಿಯ ತೇವ ಎಳೆದುಕೊಂಡು ಉಬ್ಬುತ್ತದೆ. ಒಂದೆರಡು ಮಳೆಗಾಲದಲ್ಲಿ ಸಂದಿಯೆಲ್ಲ ಪುಡಿಪುಡಿ. ಸಿಮೆಂಟ್ ಬ್ಲಾಕಿನದೂ ಇದೇ ಪಾಡು.

ಮೊದಲು ನೆಲ ನೋಡಿ. ಇಡೀ ಕಟ್ಟಡ ಸುಮಾರು ಒಂದೂವರೆ ಟನ್ ತೂಗುತ್ತದೆ, ಹಾಗಾಗಿ ಫರ್ಸಿ ಮೇಲಾಗಲಿ ಮಾಳಿಗೆ ಮೇಲಾಗಲಿ ಕಟ್ಟಬೇಡಿ. ಧಾರವಾಡದ ಕೆಂಪು ಗರಸಿನ ನೆಲವಾದರೆ ಒಂದಡಿ ಅಗೆದರೆ ಸಾಕು. ನವಲಗುಂದ, ಗದಗ ಕಡೆಯಂಥ ಎರಿ ಮಣ್ಣಾದರೆ ಎರಡೂವರೆ ಅಡಿ ತೆಗೆಯಲೇಬೇಕು, ಏಕೆಂದರೆ ಎರಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಚಿಮಣಿ ವಾಲುತ್ತದೆ. ಎರಿ ನೆಲದಲ್ಲಿ ನಾಲ್ಕೂವರೆ ಅಡಿ ಅಗಲ, ಮೂರೂಕಾಲು ಅಡಿ ಉದ್ದದ ಗುಂಡಿಗೆ ಸುಮಾರು 30 ಘನ ಅಡಿ ಗರಸು ಹಿಡಿಯುತ್ತದೆ. ಅರ್ಧರ್ಧ ಅಡಿ ತುಂಬಿ, ನೀರು ಚಿಮುಕಿಸಿ, ದಮ್ಮಸು ಹೊಡೆಯಿರಿ. ಮೇಲೆ 6 ಇಂಚು ಕಾಂಕ್ರೀಟ್, ಸಿಮೆಂಟ್, ಉಸುಕು, ಜಲ್ಲಿ 1:2:4, ಒಳಗೆ 8 ಮಿ.ಮೀ. ಸರಳಿನ ಜಾಲರಿ, ಆರಾರು ಇಂಚಿಗೊಂದು. ಕಾಂಪೌಂಡ್ ಗೋಡೆಗೆ ಜೋಡಿಸಬೇಡಿ, ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಸಿಯುತ್ತವೆ. ಮೇಲಿನ ಗಚ್ಚೂ ಸೇರಿ ಎರಡು ಚೀಲ ಸಿಮೆಂಟ್ ಸಾಕು.

ಬಾಯಿ ಯಾವ ಕಡೆ? ಬೆಂಕಿ ಹಚ್ಚುವ ದಿನಗಳಲ್ಲಿ ಇಲ್ಲಿ ಮೂಡಗಾಳಿ, ಮಳೆಗಾಲದಲ್ಲಿ ಪಡುವಣ ಗಾಳಿ. ಗಾಳಿ ಅಗ್ಗಿಷ್ಟಿಕೆಯ ಬೆನ್ನಿಗೆ ಬಡಿದರೆ ಮುಂದೆ ಸುಳಿ ಎದ್ದು ಹೊಗೆ ಕೂತವರ ಮುಖಕ್ಕೇ ಬರುತ್ತದೆ. ಪಡುವಣಕ್ಕೆ ಬಾಯಿ ಇಟ್ಟರೆ ಚಳಿಗಾಲದಲ್ಲಿ ಅದೇ ಗತಿ, ಜೊತೆಗೆ ಮಳೆ ಇರಚಲು. ಉತ್ತರಕ್ಕೋ ದಕ್ಷಿಣಕ್ಕೋ ಇಡಿ. ಮನೆ, ಮೇವಿನ ಬಣವೆ, ವಿದ್ಯುತ್ ತಂತಿಯಿಂದ ಹತ್ತಡಿಯಾದರೂ ದೂರವಿರಲಿ.

ಇಟ್ಟಂಗಿ ಸುಮಾರು 400, 9 ಇಂಚಿನವು, ಚೆನ್ನಾಗಿ ಬೆಂದವು. ಎರಡನ್ನು ಬಡಿದರೆ ಠಣ್ ಅನ್ನಬೇಕು. ಫೈರ್ ಬ್ರಿಕ್, ಅಂದರೆ ಹೆಚ್ಚು ಕಾವು ತಡೆಯುವ ಇಟ್ಟಂಗಿ, ಇದಕ್ಕಿಂತ ಬಹಳ ಬಿಸಿಯ ಭಟ್ಟಿಗಳಿಗೆ ಅನಿವಾರ್ಯವೆನ್ನುತ್ತಾರೆ, ಕಟ್ಟಿಗೆ ಉರಿಗೆ ಊರ ಇಟ್ಟಂಗಿಯೇ ತಡೆಯುತ್ತದೆ. ದುಡ್ಡು ಉಳಿದರೆ ಹಿಂಗೋಡೆಯ ಒಳಮೈಗಷ್ಟೇ ತನ್ನಿ. ಬೆಂಕಿಯ ತಳಕ್ಕೆ ಫರ್ಸಿ, ಹಳ್ಳದ ಗುಂಡುಕಲ್ಲು ಹಾಕಬೇಡಿ. ಫರ್ಸಿ ಪದರು ಏಳುತ್ತದೆ, ಒಳಗೆ ನೀರು ಹಿಡಿದ ಗುಂಡುಕಲ್ಲು ಸಿಡಿಯುತ್ತದೆ.

ಗೂಡಿನ ಗಚ್ಚಿಗೆ ಹುತ್ತದ ಮಣ್ಣು ಒಂದು ಪಾಲು, ಜರಡಿ ಹಿಡಿದ ಉಸುಕು ಎರಡರಿಂದ ಮೂರು ಪಾಲು. ಎರಿ ಮಣ್ಣು ಬೇಡ. ಬಿಲ್ಲೆ ತಟ್ಟಿ ಒಣಗಿಸಿ: ಬಿರುಕು ಬಿಟ್ಟರೆ ಉಸುಕು ಹೆಚ್ಚಿಸಿ, ಉಗುರು ತಾಗಿದರೆ ಉದುರಿದರೆ ಮಣ್ಣು ಹೆಚ್ಚಿಸಿ. ಇಟ್ಟಂಗಿ ನೆನೆಸಿ ಹಚ್ಚಿ, ಸಂದು ತೆಳ್ಳಗಿರಲಿ.

ಅಳತೆ ಹೀಗೆ: ಹೊರಮೈ 42 ಇಂಚು ಅಗಲ, 27 ಇಂಚು ಆಳ. ಒಂದಡಿ ಕಟ್ಟೆ, ಒಳಗೆ ತುಂಡು ಇಟ್ಟಂಗಿ ಮತ್ತು ಗರಸು. ಕಟ್ಟೆ ಮೇಲೆ ಮೂರು ಕಡೆ 9 ಇಂಚಿನ ಗೋಡೆ. ಬಾಯಿ 24 ಇಂಚು ಅಗಲ, 24 ಎತ್ತರ, ಆಳ 18. ತಳ ಬಾಯಿಯ ಕಡೆ ತುಸು ಇಳಿಜಾರಿರಲಿ, ಮಳೆ ನೀರು ನಿಲ್ಲುವುದಿಲ್ಲ. ಬಾಯಿ ಮೇಲೆ 36 ಇಂಚಿನ, 50×50×6 ಮಿ.ಮೀ. ಕಬ್ಬಿಣದ ಆಂಗಲ್, ಗುಜರಿಯಲ್ಲಿ ಸಿಗುತ್ತದೆ. ಅದರ ತುದಿಗಳನ್ನು ಸಿಮೆಂಟಿನಲ್ಲಿ ಬಿಗಿಯಬೇಡಿ: 400 ಡಿಗ್ರಿ ಏರಿದರೆ ಅದು 4 ಮಿ.ಮೀ.ಗೂ ಹೆಚ್ಚು ಹಿಗ್ಗಿ ಪಕ್ಕದ ಇಟ್ಟಂಗಿಯನ್ನು ಹೊರಗೆ ತಳ್ಳುತ್ತದೆ. ಎರಡೂ ತುದಿಗೆ ಅರ್ಧ ಸೆಂಟಿಮೀಟರ್ ಸಂದು ಬಿಟ್ಟು ಸಡಿಲ ಮಣ್ಣು ತುಂಬಿ.

ಹೊಗೆ ಹೋಗುವುದು ಬಿಡುವುದು ಇಲ್ಲಿಂದ ಮೇಲಿನ ಕೆಲಸದ ಮೇಲಿದೆ. ಆಂಗಲ್ ಮೇಲೆ ಗೋಡೆ ನಾಲ್ಕೂವರೆ ಇಂಚಿನದು. ಮುಂಭಾಗ ನೆಟ್ಟಗೆ ಏರಲಿ. ಎಡ ಬಲದಿಂದ ಸಾಲಿಗೆ ಒಂದು ಇಂಚಿಗಿಂತ ತುಸು ಹೆಚ್ಚು, ಹಿಂದಿನಿಂದ ಅದಕ್ಕೂ ಕಡಿಮೆ ಒಳಗೆ ತರುತ್ತ ಏಳು ಸಾಲಿನಲ್ಲಿ ಒಳಗಿಂಡಿ 9×9 ಇಂಚಾಗಬೇಕು. ಸಾಲಿಗೆ ಒಂದೂವರೆ ಇಂಚು ಮೀರಿದರೆ ಮಣ್ಣಿನ ಗಚ್ಚು ಹಿಡಿಯದೆ ಬೀಳುತ್ತದೆ. ಒಳಮೈ ನುಣ್ಣಗೆ ಮೆತ್ತಿ, ಇಲ್ಲದಿದ್ದರೆ ಪ್ರತಿ ಮೆಟ್ಟಿಲಿಗೂ ಹೊಗೆ ತಡೆಯುತ್ತದೆ. ಅಲ್ಲಿಂದ 4 ಅಡಿ ನೇರ ಚಿಮಣಿ, ಹೊರಗೆ 18×18. ಇಲ್ಲಿ ಸಿಮೆಂಟ್, ಸುಣ್ಣ, ಉಸುಕು 1:1:6. ಕಿಂಡಿಯ ವಿಸ್ತಾರ ಬಾಯಿಯ ವಿಸ್ತಾರದ ಎಂಟನೇ ಒಂದು ಪಾಲಿಗಿಂತ ಕಡಿಮೆಯಾಗಬಾರದು. 576 ಚದರ ಇಂಚಿಗೆ 81 ಇದ್ದರೆ ಸರಿ. ಇಟ್ಟಂಗಿ ಉಳಿಸಲು ಹಳೆಯ ಆಸ್‌ಬೆಸ್ಟಾಸ್ ಪೈಪ್ ಇಡುವ ಐಡಿಯಾ ಬಿಡಿ, ಕಾವಿಗೆ ಸಿಡಿಯುತ್ತದೆ, ನಾರು ಶ್ವಾಸಕೋಶಕ್ಕೆ ವಿಷ. ಚಿಮಣಿಯ ತಲೆಗೆ ನಾಲ್ಕು ಮೂಲೆಗೆ ಇಟ್ಟಂಗಿ ನಿಲ್ಲಿಸಿ, 9 ಇಂಚು ಎತ್ತರದಲ್ಲಿ ಫರ್ಸಿ ಹೊಚ್ಚಿ. ಅಲ್ಲಿ ಕಾವು ಕಡಿಮೆ, ಫರ್ಸಿ ಬಾಳುತ್ತದೆ.

ಮೂರು ವಾರ ಒಣಗಲು ಬಿಡಿ. ಆಮೇಲೂ ನಾಲ್ಕೈದು ದಿನ ಪುಳ್ಳೆಯ ಸಣ್ಣ ಉರಿ ಮಾತ್ರ. ಒಳಗಿನ ನೀರು ಒಮ್ಮೆಲೇ ಹಬೆಯಾದರೆ ಗೋಡೆ ಸೀಳುತ್ತದೆ. ಹೊಗೆ ಮುಂದೆ ಬಂದರೆ ಚಿಮಣಿ ಒಡೆಯುವ ಮುನ್ನ ಒಂದು ತಗಡನ್ನು ಆಂಗಲ್‌ನಿಂದ ಕೆಳಗೆ ಇಳಿಬಿಡುತ್ತ ನೋಡಿ. ಸಾಮಾನ್ಯವಾಗಿ ಮೂರ್ನಾಲ್ಕು ಇಂಚಿಗೆ ನಿಲ್ಲುತ್ತದೆ, ಅಲ್ಲೇ ತಗಡನ್ನು ಬಿಗಿದುಬಿಡಿ. ಒಣಗಿದ ಜಾಲಿ ಕಟ್ಟಿಗೆ ಉತ್ತಮ; ಹತ್ತಿ ಕಟ್ಟಿಗೆ ಕಿಡಿ ಹಾರಿಸುತ್ತದೆ, ಬಣ್ಣ ಬಳಿದ ಹಲಗೆ ಮತ್ತು ಕಣಗಿಲೆ ಕೊಂಬೆಯ ಹೊಗೆ ವಿಷ. ಜೂನ್‌ಗೆ ಮುಂಚೆ ಬಾಯಿಗೊಂದು ತಗಡು ಮುಚ್ಚಿ, ಬೂದಿ ಪೂರ್ತಿ ಬಳಿದು ತೆಗೆಯಿರಿ. ನೆನೆದ ಬೂದಿಯ ಕ್ಷಾರ ಮಣ್ಣಿನ ಸಂದನ್ನು ತಿನ್ನುತ್ತದೆ.